ಹೊಳೆಯ ಗೋಡು

ನಮ್ಮ ತಂದೆ ಓದಿದ್ದು ಮೂರನೆಯ ತರಗತಿಯವರೆಗೆ. ಆದರೆ ಮಣ್ಣನ್ನು ಅವರು ಮೂಗಿನಿಂದ ಓದುತ್ತಿದ್ದರು. ಶಿವರಾತ್ರಿ ಕಳೆದು, ಹೊಳೆಯ ನೀರು ಬತ್ತಿ, ಅಲ್ಲೊಂದು ಇಲ್ಲೊಂದು ಮಡು ಮಾತ್ರ ಉಳಿದ ಮೇಲೆ ಅವರು ಎತ್ತಿನ ಗಾಡಿ ಕಟ್ಟಿಕೊಂಡು ಹೊರಡುತ್ತಿದ್ದರು. ಹೊಳೆಯ ತಿರುವಿನಲ್ಲಿ ಕೂತ ನಯವಾದ ಮಣ್ಣನ್ನು ಒಂದು ಹಿಡಿ ತೆಗೆದು ಮೊದಲು ಮೂಸುವುದು, ಆಮೇಲೆ ಅಂಗೈಯಲ್ಲಿ ಹಿಸುಕುವುದು, ಸರಿ ಎನ್ನಿಸಿದರೆ ಮಾತ್ರ ಗುದ್ದಲಿ ಎತ್ತುವುದು. ಕೆರೆಯ ಅಥವಾ ಹೊಳೆಯ ತಳದಲ್ಲಿ ಕೂತ ಈ ಹೂಳಿಗೆ ನಮ್ಮ ಕಡೆ ಗೋಡು ಎನ್ನುತ್ತಾರೆ. ವರ್ಷದ ಮೊದಲ ಗಾಡಿ ಗೋಡು ಹೊಲಕ್ಕೆ ಬಿದ್ದ ದಿನ ಅಮ್ಮ ಆ ರಾಶಿಗೆ ಅರಿಶಿನ ಕುಂಕುಮ ಹಾಕಿ ಕೈಮುಗಿಯುತ್ತಿದ್ದಳು. ನಾನು ಮತ್ತು ನನ್ನ ತಮ್ಮ ರಾಶಿಯ ಮೇಲೆ ಹತ್ತಿ ಜಾರಿ ಆಡುತ್ತಿದ್ದೆವು. ಯಾರೂ ಬೈಯುತ್ತಿರಲಿಲ್ಲ.

ನಾನು ಹೇಳುತ್ತಿರುವ ಹೊಳೆ ದಕ್ಷಿಣ ಪಿನಾಕಿನಿ. ನಂದಿಬೆಟ್ಟದ ಕಡೆಯಲ್ಲಿ ಹುಟ್ಟಿ, ಹೊಸಕೋಟೆಯ ಮೇಲೆ ಹಾದು, ಹೊಸೂರಿನ ಹತ್ತಿರ ತಮಿಳುನಾಡಿಗೆ ಇಳಿಯುತ್ತದೆ. ನನ್ನ ತವರು ಆ ಗಡಿಗೆ ಹತ್ತಿರದ ಒಂದು ಹಳ್ಳಿ. ನಮ್ಮ ಬಾಲ್ಯದಲ್ಲಿ ಅದು ಮಳೆಯ ಹೊಳೆ. ಮಳೆ ಬಂದರೆ ಹೊಳೆ, ಇಲ್ಲದಿದ್ದರೆ ಮರಳು. ಈಗ ಅದು ವರ್ಷವಿಡೀ ಹರಿಯುತ್ತದೆ. ಬೆಂಗಳೂರಿನ ಬಚ್ಚಲ ನೀರು ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ವರ್ತೂರು ಕೆರೆಗೆ ಇಳಿದು, ಅಲ್ಲಿಂದ ನಮ್ಮ ಹೊಳೆಗೆ ಸೇರುತ್ತದೆ. ಬೆಳ್ಳಂದೂರು ಕೆರೆ 2017ರಲ್ಲಿಯೂ 2018ರಲ್ಲಿಯೂ ಹೊತ್ತಿ ಉರಿದ ಸುದ್ದಿ ನೀವು ಓದಿರುತ್ತೀರಿ. ನೀರಿಗೆ ಬೆಂಕಿ ಬಿತ್ತೆಂದು ಊರೆಲ್ಲ ಬೆರಗಾಯಿತು. ಆ ಕೆರೆಯಿಂದ ಮುಂದಕ್ಕೆ ಹರಿದ ನೀರು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಕೇಳಿದವರು ಕಡಿಮೆ. ಅದು ನಮ್ಮೂರಿನ ಚೆಕ್ ಡ್ಯಾಮಿನ ಹಿಂದೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಬೆಳ್ಳಗೆ ನೊರೆ ಏಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಮ್ಮೂರಿನ ಮಕ್ಕಳಿಗೆ ವಿವರಿಸುವುದೇ ಬೇಡ.

2022ರ ಬೇಸಿಗೆಯಲ್ಲಿ ಆ ಚೆಕ್ ಡ್ಯಾಮಿನ ಹೂಳನ್ನು ಜೆಸಿಬಿ ಇಳಿಸಿ ತೆಗೆಸಿದರು. ಬೇಕಾದವರು ಹೊಡೆದುಕೊಂಡು ಹೋಗಬಹುದು, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟರೆ ಸಾಕು. ಊರಿಗೆ ಊರೇ ಸಾಲು ನಿಂತಿತು. ನನ್ನ ತಮ್ಮ ತನ್ನ ಅರ್ಧ ಎಕರೆ ಸೊಪ್ಪಿನ ತೋಟಕ್ಕೆ ನಲವತ್ತು ಲೋಡು ಹೊಡೆಸಿದ. ನಾನು ಆಗ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಈಗಲೂ ಅಲ್ಲಿಯೇ ಇದ್ದೇನೆ. ಶಾಲೆಯ ಕೈತೋಟದ ಜವಾಬ್ದಾರಿ ನನ್ನದು. "ನಮ್ಮ ಮಕ್ಕಳಿಗೂ ಎರಡು ಲೋಡು ಹಾಕಿಸಪ್ಪ" ಎಂದು ತಮ್ಮನನ್ನು ಕೇಳಿದೆ. ಅವನು ಬಾಡಿಗೆಯನ್ನೂ ತೆಗೆದುಕೊಳ್ಳದೆ ಹಾಕಿಸಿಕೊಟ್ಟ.

ಟ್ರ್ಯಾಕ್ಟರ್ ಸುರಿಯುವಾಗ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಇದನ್ನು ಮರೆಯದೆ ಇಲ್ಲಿ ಬರೆಯಬೇಕು. ಒಬ್ಬ ಹುಡುಗ "ಏನ್ ಮಿಸ್ ಹಿಂಗೆ ನಾರ್ತದೆ" ಎಂದ. "ಗೊಬ್ಬರ ಅಂದಮೇಲೆ ನಾರದೆ ಇರುತ್ತದೇನೋ?" ಎಂದೆ. ಮಕ್ಕಳೆಲ್ಲ ನಕ್ಕರು.

ಆ ವರ್ಷ ಶಾಲೆಯ ತೋಟದಲ್ಲಿ ದಂಟಿನ ಸೊಪ್ಪು, ಪಾಲಕ್, ಮೂಲಂಗಿ ಬೆಳೆದ ಪರಿಯನ್ನು ನೀವು ನೋಡಬೇಕಿತ್ತು. ಪಾಲಕ್ ಎಲೆ ಒಂದೊಂದೂ ಅಂಗೈಯನ್ನು ಮುಚ್ಚುವಷ್ಟು. ಬಿಸಿಯೂಟದ ಸಾರಿಗೆ ವಾರಕ್ಕೆ ಎರಡು ದಿನ ನಮ್ಮದೇ ಸೊಪ್ಪು. ನೋಡಲು ಬಂದ ಅಧಿಕಾರಿಗಳು ಮೆಚ್ಚಿದರು, ಮುಖ್ಯೋಪಾಧ್ಯಾಯರು ನನ್ನ ಹೆಸರು ಹೇಳಿದರು. ನಾನು ತರಗತಿಯಲ್ಲಿ ಹಿರಿಯರ ಜಾಣತನದ ಬಗ್ಗೆ, ಹೊಳೆ ಹೊಲಕ್ಕೆ ಕೊಡುವ ಬಾಗಿನದ ಬಗ್ಗೆ ಪ್ರಬಂಧ ಬರೆಸಿದೆ. ಚೆನ್ನಾಗಿ ಬರೆದ ಮೂವರಿಗೆ ಪೆನ್ನು ಕೊಟ್ಟೆ.

ಮರುವರ್ಷ ಶಿಕ್ಷಕರ ದಿನಾಚರಣೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಮಣ್ಣಿನ ವಿಷಯದಲ್ಲಿಯೇ ಎಂಎಸ್ಸಿ ಮಾಡಿ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಹುಡುಗಿ. ಹೆಮ್ಮೆಯಿಂದ ತೋಟ ತೋರಿಸಲು ಕರೆದುಕೊಂಡು ಹೋದೆ. ಅವಳು ಬಗ್ಗಿ ಒಂದು ಹೆಂಟೆ ಎತ್ತಿ ಮೂಸಿದಳು. ನನಗೆ ತಂದೆಯ ನೆನಪಾಯಿತು. "ಈ ಮಣ್ಣು ಎಲ್ಲಿಂದ ಬಂತು ಮಿಸ್?" ಎಂದಳು. ಹೇಳಿದೆ. ಅವಳು ಹೆಂಟೆಯನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು. "ಟೆಸ್ಟ್ ಮಾಡಿಸಿದ್ರಾ ಮಿಸ್?"

ನಾನು ಬಿಎ ಓದಿದವಳು, ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಗರದ ಕೊಳಚೆ ನೀರಿನಲ್ಲಿ ಸ್ನಾನ, ಶೌಚದ ನೀರು ಮಾತ್ರ ಇರುವುದಿಲ್ಲ. ಲೋಹಕ್ಕೆ ಮೆರುಗು ಕೊಡುವ ಸಣ್ಣಪುಟ್ಟ ಕಾರ್ಖಾನೆ, ಬ್ಯಾಟರಿ ಕೆಲಸ, ಬಣ್ಣದ ಕೆಲಸ, ಇವುಗಳ ನೀರೂ ಅದರಲ್ಲಿ ಸೇರುತ್ತದೆ. ಅದರೊಂದಿಗೆ ಸೀಸ, ಕ್ರೋಮಿಯಂ, ನಿಕ್ಕಲ್, ಕ್ಯಾಡ್ಮಿಯಂನಂಥ ಭಾರ ಲೋಹಗಳು ಬರುತ್ತವೆ. ಮಲಮೂತ್ರ ಕೊಳೆತು ಗೊಬ್ಬರವಾಗುತ್ತದೆ. ಲೋಹ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಹುಳಹುಪ್ಪಟೆ ಅದನ್ನು ಅರಗಿಸಿಕೊಂಡು ಇಲ್ಲವಾಗಿಸುವುದೂ ಇಲ್ಲ. ನೀರಿನಲ್ಲಿ ಅದು ನಯವಾದ ಜೇಡಿಮಣ್ಣಿನ ಕಣಕ್ಕೂ ಕೊಳೆತ ಸತ್ವಕ್ಕೂ ಅಂಟಿಕೊಂಡು ಸಾಗುತ್ತದೆ, ನೀರು ನಿಂತಲ್ಲಿ ಅವುಗಳ ಜೊತೆ ತಳಕ್ಕೆ ಕೂರುತ್ತದೆ. ಗೋಡು ಎಂದರೆ ಅದೇ ನಯವಾದ ಜೇಡಿ, ಅದೇ ಕೊಳೆತ ಸತ್ವ. ನಮ್ಮ ತಂದೆ ಅಂಗೈಯಲ್ಲಿ ಹಿಸುಕಿ ಮೆಚ್ಚುತ್ತಿದ್ದ ಗುಣವಿದೆಯಲ್ಲ, ಸಾರವನ್ನು ಹಿಡಿದಿಟ್ಟುಕೊಳ್ಳುವ ಗುಣ, ಅದೇ ಗುಣ ಲೋಹವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿಗೆ ತನಗೆ ಕೊಟ್ಟದ್ದರಲ್ಲಿ ಯಾವುದು ಅಮೃತ, ಯಾವುದು ವಿಷ ಎಂಬ ಭೇದವಿಲ್ಲ.

ಇನ್ನೊಂದು ಮಾತು ನನ್ನನ್ನು ಹೆಚ್ಚು ತಟ್ಟಿತು. ಆ ಗೋಡು ಕಾಡಿಗೆಯಂತೆ ಕಪ್ಪಗಿತ್ತು. ಕಪ್ಪೆಂದರೆ ಫಲವತ್ತು ಎಂದು ನಾನು ಮಕ್ಕಳಿಗೆ ಹೇಳಿದ್ದೆ. ಗಾಳಿಯಾಡದ ಕೊಳಚೆಯ ತಳದಲ್ಲಿ ಲೋಹಗಳು ಗಂಧಕದೊಂದಿಗೆ ಕೂಡಿಕೊಂಡಿರುತ್ತವೆ, ಆ ಕಪ್ಪಿನಲ್ಲಿ ಬಹುಪಾಲು ಅದೇ ಎಂದಳು ಹುಡುಗಿ. ಅಲ್ಲಿರುವವರೆಗೆ ಅವು ಬಹುಮಟ್ಟಿಗೆ ಸುಮ್ಮನಿರುತ್ತವೆ. ತೆಗೆದು ಬಿಸಿಲಿಗೆ ಹರಡಿದರೆ ಗಾಳಿ ತಾಗಿ ಆ ಕಟ್ಟು ಬಿಚ್ಚುತ್ತದೆ, ಬೇರಿಗೆ ಸಿಗುವ ರೂಪಕ್ಕೆ ಬರುತ್ತದೆ. ಮಣ್ಣು ಹುಳಿಯಾಗಿದ್ದರೆ ಇನ್ನೂ ಬೇಗ. ಸೀಸ ಸಾಮಾನ್ಯವಾಗಿ ಬೇರಿನಲ್ಲಿಯೂ ಎಲೆಯ ಮೇಲಿನ ಧೂಳಿನಲ್ಲಿಯೂ ಉಳಿಯುತ್ತದೆ, ತೊಳೆದರೆ ಧೂಳಿನದಷ್ಟು ಹೋಗುತ್ತದೆ. ಕ್ಯಾಡ್ಮಿಯಂ ಎಲೆಯೊಳಕ್ಕೇ ಏರುತ್ತದೆ, ಸೊಪ್ಪಿಗೆ ಅದು ಸಲೀಸು. ತಿಂದವರ ಮೂತ್ರಪಿಂಡದಲ್ಲಿ ಸೇರಿದ್ದು ಅರ್ಧ ಕಡಿಮೆಯಾಗಲು ಹತ್ತರಿಂದ ಮೂವತ್ತು ವರ್ಷ ಬೇಕಂತೆ.

"ನಮ್ಮ ಹತ್ತಿರ ಮಣ್ಣಿನ ಆರೋಗ್ಯ ಚೀಟಿ ಇದೆಯಲ್ಲ?" ಎಂದೆ. ತಮ್ಮನ ಮನೆಯಲ್ಲಿ ಆ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿರುವುದನ್ನು ನೋಡಿದ್ದೆ. 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ ಅದು. ಹುಡುಗಿ ನಕ್ಕಳು. ಆ ಚೀಟಿಯಲ್ಲಿ 12 ಅಂಶಗಳನ್ನು ನೋಡುತ್ತಾರೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ಹುಳಿ, ಉಪ್ಪು, ಸಾವಯವ ಇಂಗಾಲ. ಬೆಳೆಗೆ ಏನು ಬೇಕು ಎಂಬ ಪ್ರಶ್ನೆಗೆ ಅದು ಉತ್ತರ. ತಿನ್ನುವವರಿಗೆ ಏನು ಬೇಡ ಎಂಬ ಪ್ರಶ್ನೆಯನ್ನು ಅದರಲ್ಲಿ ಕೇಳಿಯೇ ಇಲ್ಲ. ಸೀಸವೂ ಇಲ್ಲ, ಕ್ಯಾಡ್ಮಿಯಮ್ಮೂ ಇಲ್ಲ. ಚೀಲದಲ್ಲಿ ಮಾರುವ ನಗರದ ಕಾಂಪೋಸ್ಟಿಗೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಮಿತಿ ಇದೆ: ಒಂದು ಕಿಲೋದಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಂ, ಕ್ರೋಮಿಯಂ 50, ನಿಕ್ಕಲ್ 50, ಸೀಸ 100, ಇದನ್ನು ಮೀರುವಂತಿಲ್ಲ. ನಮ್ಮೂರಿಗೆ ಟ್ರ್ಯಾಕ್ಟರಿನಲ್ಲಿ ಬಂದ ಗೋಡನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಪರೀಕ್ಷೆಗೆ ನಾಲ್ಕು ಕಡೆಯ ಮಣ್ಣನ್ನು ಅವಳೇ ಕಟ್ಟಿಕೊಂಡು ಹೋದಳು. ಹಣ ನಾನು ಕೊಟ್ಟೆ.

ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಅವಳು ಹೇಳಿದ್ದ ಜಪಾನಿನ ಕಥೆ ನನ್ನ ನಿದ್ದೆ ಕೆಡಿಸಿತ್ತು. ಅಲ್ಲಿ ಟೊಯಾಮಾ ಪ್ರಾಂತದಲ್ಲಿ ಜಿನ್‌ಜು ಎಂಬ ನದಿ. ಮೇಲುಭಾಗದ ಕಾಮಿಯೋಕಾ ಗಣಿಯಿಂದ ಕ್ಯಾಡ್ಮಿಯಂ ನದಿಗೆ ಇಳಿದು, ನೀರಾವರಿಯ ಮೂಲಕ ಭತ್ತದ ಗದ್ದೆಯ ಮಣ್ಣಿನಲ್ಲಿ ಕೂತಿತು. ಅಕ್ಕಿ ತಿಂದವರಿಗೆ ಮೂತ್ರಪಿಂಡ ಕೆಟ್ಟು ಎಲುಬು ಮೆದುವಾಯಿತು. ಹೆಚ್ಚಾಗಿ ನರಳಿದವರು ಹಲವು ಮಕ್ಕಳನ್ನು ಹೆತ್ತ ನಡುವಯಸ್ಸಿನ ಹೆಂಗಸರು. ಕೆಮ್ಮಿದರೆ ಎಲುಬು ಮುರಿಯುತ್ತಿತ್ತಂತೆ. ಅವರ ನರಳಾಟದ ಉದ್ಗಾರವನ್ನೇ ರೋಗಕ್ಕೆ ಹೆಸರಾಗಿ ಇಟ್ಟರು: ಇತಾಯ್ ಇತಾಯ್, ಎಂದರೆ ನೋವು, ನೋವು. ನೊಬೊರು ಹಗಿನೊ ಎಂಬ ಆ ಊರಿನ ವೈದ್ಯರು ಅದರ ಬೆನ್ನು ಹತ್ತಿದರು. ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿದ್ದು 1968ರಲ್ಲಿ. ಗದ್ದೆಗಳನ್ನು ಸರಿಪಡಿಸುವ ಕೆಲಸ 1979ರಲ್ಲಿ ಶುರುವಾಗಿ ಮುಗಿದದ್ದು 2012ರಲ್ಲಿ. ಕೆಟ್ಟ ಮಣ್ಣನ್ನು ಕೆಳಕ್ಕೆ ಹೂತು ಮೇಲೆ ಒಳ್ಳೆಯ ಮಣ್ಣು ಹರಡುವುದಕ್ಕೆ ಅಂಥ ಶ್ರೀಮಂತ ದೇಶಕ್ಕೂ 33 ವರ್ಷ ಹಿಡಿಯಿತು. ನಮ್ಮ ಹೊಳೆಗೂ ಆ ನದಿಗೂ ಹೋಲಿಕೆ ಮಾಡಿ ಹೆದರಿಸುವುದು ಸರಿಯಲ್ಲ, ಅದು ಗಣಿಯ ಕಥೆ, ಅಲ್ಲಿನ ಪ್ರಮಾಣವೇ ಬೇರೆ. ಆದರೆ ಒಂದು ವಿಷಯ ಎರಡೂ ಕಡೆ ಒಂದೇ: ಲೋಹ ಹೊಲಕ್ಕೆ ಹೋಗುವುದು ಸುಲಭ, ಹೊಲದಿಂದ ಹೊರಬರುವುದು ಕಷ್ಟ.

ನಮ್ಮ ಶಾಲೆಯ ಮಣ್ಣಿನಲ್ಲಿ ಕ್ರೋಮಿಯಂ ಮತ್ತು ನಿಕ್ಕಲ್ ಎರಡೂ ಆ ಕಾಂಪೋಸ್ಟಿನ ಗೆರೆಯನ್ನು ದಾಟಿದ್ದವು. ಸೀಸ ಗೆರೆಯ ಹತ್ತಿರವಿತ್ತು. ಕ್ಯಾಡ್ಮಿಯಂ ಗೆರೆಯೊಳಗೇ ಇತ್ತು. ಹುಡುಗಿ ಫೋನಿನಲ್ಲಿ ನಿಧಾನವಾಗಿ ತಿಳಿಸಿ ಹೇಳಿದಳು: "ಇದು ಗೊಬ್ಬರದ ಗೆರೆ ಮಿಸ್, ಹೊಲದ್ದಲ್ಲ. ಕ್ರೋಮಿಯಂ ಕೆಲವು ಕಡೆ ಮಣ್ಣಲ್ಲೇ ಜಾಸ್ತಿ ಇರುತ್ತೆ. ಗೆರೆ ದಾಟಿದ ಮಾತ್ರಕ್ಕೆ ತಿಂದೋರಿಗೆಲ್ಲ ಕಾಯಿಲೆ ಬರುತ್ತೆ ಅಂತ ಅಲ್ಲ. ಆದ್ರೆ ವರ್ಷ ವರ್ಷ ಇದನ್ನೇ ಹೊಡೀತಾ ಹೋದ್ರೆ ಕೂಡ್ತಾ ಹೋಗುತ್ತೆ. ಕಳೆಯೋದಿಲ್ಲ."

ಆ ಕಾಗದ ಹಿಡಿದುಕೊಂಡು ತಮ್ಮನ ಮನೆಗೆ ಹೋದೆ. ಅವನು ಓದಲಿಲ್ಲ, ನನ್ನಿಂದಲೇ ಓದಿಸಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಅಕ್ಕ, ನಿಂಗೆ ತಿಂಗ್ಳಾದ್ರೆ ಸಂಬ್ಳ ಬತ್ತದೆ. ನಂಗೆ ಆ ಸೊಪ್ಪೇ ಸಂಬ್ಳ. ಬೋರು ಬತ್ತೋಯ್ತು, ಗೊಬ್ಬರದ ರೇಟು ನಿಂಗೆ ಗೊತ್ತಾ?" ನನ್ನ ನಾದಿನಿ ಒಳಗಿನಿಂದ ಕಾಫಿ ತಂದವಳು, ನನ್ನನ್ನು ಸಮಾಧಾನ ಮಾಡಲೆಂದು, "ನೀವೇನೂ ಯೋಚ್ನೆ ಮಾಡ್ಬೇಡಿ ಅತ್ತಿಗೆ, ನಮ್ಮನೆಗೆ ಬಾವಿ ಹತ್ರದ ಪಾತೀದೇ ಸೊಪ್ಪು. ಅಲ್ಲಿಗೆ ಇವ್ರು ಆ ಗೋಡು ಹಾಕ್ಲಿಲ್ಲ" ಎಂದಳು.

"ಯಾಕೆ ಹಾಕಲಿಲ್ಲ?" ಎಂದೆ.

ತಮ್ಮ ನೆಲ ನೋಡಿಕೊಂಡು ಹೇಳಿದ: "ವಾಸ್ನೆ ಸರಿಯಿರ್ನಿಲ್ಲ."

ನಮ್ಮ ತಂದೆಯ ಮೂಗು ಅವನಿಗೂ ಬಂದಿತ್ತು. ಯಾವ ಕಾಗದ ಬರುವುದಕ್ಕೂ ಮುಂಚೆ, ಟ್ರ್ಯಾಕ್ಟರ್ ಸುರಿದ ದಿನವೇ, ಅವನಿಗೆ ತಿಳಿದಿತ್ತು. ತಿಳಿದದ್ದನ್ನು ಅವನು ಬಾಯಿ ಬಿಟ್ಟು ಹೇಳಿಕೊಳ್ಳಲಿಲ್ಲ, ಹೊಲದಲ್ಲಿ ಎರಡು ಪಾತಿ ಮಾಡಿದ, ಅಷ್ಟೆ. ನಾನು ಬಾಯಿ ತೆರೆದು ಬೈಯಬೇಕೆಂದಿದ್ದೆ. ಆಗಲೇ ನನ್ನ ಸೆರಗು ನೆನಪಾಯಿತು. ಮೂಗು ಮುಚ್ಚಿಕೊಂಡವಳು ನಾನೂ ಅಲ್ಲವೆ? ಅವನಾದರೂ ತನ್ನ ಮಕ್ಕಳಿಗೆ ಬೇರೆ ಪಾತಿ ಮಾಡಿದ. ನಾನು ನನ್ನ ಶಾಲೆಯ ಮಕ್ಕಳಿಗೆ ಅದನ್ನೂ ಮಾಡಲಿಲ್ಲ.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆ ಉಂಟು ಎಂದು ನಾವೆಲ್ಲ ನಂಬಿದ್ದೇವೆ. ನಾನೂ ನೂರಾರು ಮಕ್ಕಳನ್ನು ಹಾಗೆಂದು ಕ್ಷಮಿಸಿದ್ದೇನೆ. ಆದರೆ ತಿಳಿಯದಿರುವುದರಲ್ಲಿಯೂ ಎರಡು ಬಗೆ. ಕೇಳಲು ದಾರಿಯೇ ಇಲ್ಲದೆ ತಿಳಿಯದಿರುವುದು ಒಂದು. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆಂಬ ಭಯಕ್ಕೆ ಕೇಳದೆ ಇರುವುದು ಇನ್ನೊಂದು. ನಮ್ಮಮ್ಮ ಕೈಮುಗಿದದ್ದು ಮಳೆ ತಂದ ಮಣ್ಣಿಗೆ, ಅವಳ ಭಕ್ತಿಯಲ್ಲಿ ಕಪಟವಿರಲಿಲ್ಲ. ನಾನು ಅದೇ ಭಕ್ತಿಯನ್ನು ಬೇರೆ ಮಣ್ಣಿಗೆ ಹೊದಿಸಿ ಪ್ರಶ್ನೆಯನ್ನು ಮುಚ್ಚಿಬಿಟ್ಟೆ. ಹಿರಿಯರು ಗೋಡು ಹೊಡೆಯುತ್ತಿದ್ದರು ಎಂಬುದನ್ನು ನೆನಪಿಟ್ಟುಕೊಂಡೆ, ಹೊಡೆಯುವ ಮುಂಚೆ ಮೂಸುತ್ತಿದ್ದರು ಎಂಬುದನ್ನು ಮರೆತೆ.

ತಮ್ಮನ ವಾದವನ್ನೂ ಇಲ್ಲಿ ಹೇಳಬೇಕು, ಅದು ಹಗುರವಾದದ್ದಲ್ಲ. "ಈ ಕೊಳಕು ಕಳ್ಸಿದ್ದು ಯಾರಕ್ಕ? ಪಟ್ಟಣದೋರು. ಅವ್ರು ಕಳ್ಸಿದ್ದನ್ನ ಅವ್ರಿಗೇ ಕಟ್ಟು ಕಟ್ಟಿ ವಾಪಸ್ ಕಳಿಸ್ತೀನಿ. ತಪ್ಪೇನು?" ಕೇಳಲು ನ್ಯಾಯವೇ ಎನ್ನಿಸುತ್ತದೆ. ನಮ್ಮ ಹೊಳೆಯನ್ನು ಬಚ್ಚಲು ಮಾಡಿದವರ ಬಗ್ಗೆ ನನಗೂ ಸಿಟ್ಟಿದೆ. ಆದರೆ ಪಟ್ಟಣವೆಂದರೆ ಒಬ್ಬ ಮನುಷ್ಯನೆ? ಲೋಹದ ನೀರನ್ನು ಕಾಲುವೆಗೆ ಬಿಟ್ಟವನ ತಟ್ಟೆಗೇ ಆ ಸೊಪ್ಪು ಹೋಗುತ್ತದೆಂದು ಯಾರು ಹೇಳಿದರು? ಸಂಜೆ ಕೆಲಸ ಮುಗಿಸಿ ಬರುವಾಗ ಗಾಡಿಯವನ ಹತ್ತಿರ ಚೌಕಾಸಿ ಮಾಡಿ ಬಾಡಿದ ಕಟ್ಟನ್ನು ಕೊಳ್ಳುವ ಗಾರೆ ಕೆಲಸದ ಹೆಂಗಸಿನ ಮಡಕೆಗೂ ಅದು ಹೋಗುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯನ್ನು ನಾನು ಇಪ್ಪತ್ತೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಇಲ್ಲಿ ಮಾಡುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ನಡುವೆ ನನ್ನ ತಮ್ಮ, ತಾನು ಮಾಡದ ಪಾಪವನ್ನು ಕೈಯಿಂದ ಕೈಗೆ ದಾಟಿಸುವವನು.

ಹಾಗೆಂದು ಅವನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸಲು ನನಗೆ ಮನಸ್ಸು ಬಾರದು. ನೀತಿ ಹೇಳುವುದು ಸಂಬಳ ಬರುವವರಿಗೆ ಅಗ್ಗ. ಅವನು ಸೊಪ್ಪು ಬಿಟ್ಟರೆ ಆ ನಷ್ಟ ಅವನೊಬ್ಬನದೇ, ಕೊಳಚೆ ಬಿಟ್ಟವರದ್ದಲ್ಲ, ತಡೆಯಬೇಕಾದವರದ್ದಲ್ಲ, ನನ್ನದೂ ಅಲ್ಲ. ಆದರೂ ನನಗೆ ಒಂದು ಮಾತು ಸ್ಪಷ್ಟವಾಗಿದೆ. ಎಲ್ಲ ಹೊಲವನ್ನೂ ಶುದ್ಧ ಮಾಡಿಕೋ ಎಂದು ಬಡ ರೈತನನ್ನು ಕೇಳುವ ಹಕ್ಕು ಯಾರಿಗೂ ಇಲ್ಲದಿರಬಹುದು. ತನ್ನ ಮನೆಯ ಸಾರಿಗೆ ಹಾಕದ ಸೊಪ್ಪನ್ನು ಇನ್ನೊಬ್ಬರ ಸಾರಿಗೆ ಕಟ್ಟಿ ಕೊಡಬೇಡ ಎಂದು ಕೇಳುವ ಹಕ್ಕು ಆ ಗಾರೆ ಕೆಲಸದ ಹೆಂಗಸಿಗೆ ಇದೆ. ಅವಳಿಗೆ ಅವನ ಹೊಲ ಗೊತ್ತಿಲ್ಲ. ಗೊತ್ತಿರುವವಳು ನಾನು. ಆದ್ದರಿಂದ ಅವಳ ಪರವಾಗಿ ನಾನೇ ಕೇಳಬೇಕಾಯಿತು. ಕೇಳಿದೆ. ಅಂದು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ, ಎರಡು ತಿಂಗಳು ಅವನು ನನಗೆ ಫೋನು ಮಾಡಲಿಲ್ಲ.

ಶಾಲೆಯಲ್ಲಿ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಕಾಗದ ಇಟ್ಟೆ. "ಇದನ್ನೆಲ್ಲ ಯಾಕೆ ಎತ್ತುತ್ತೀರಿ ಮೇಡಂ, ಸುಮ್ಮನೆ ಸೊಪ್ಪು ನಿಲ್ಲಿಸಿಬಿಡಿ" ಎಂದರು ಕೆಲವರು. ನಿಲ್ಲಿಸುವುದು ಸುಲಭವಿತ್ತು. ಆದರೆ ಪ್ರಬಂಧ ಬರೆಸಿ ಪೆನ್ನು ಕೊಟ್ಟವಳು ನಾನು, ಸುಮ್ಮನೆ ನಿಲ್ಲಿಸಿದರೆ ಆ ಪ್ರಬಂಧ ಮಕ್ಕಳ ತಲೆಯಲ್ಲಿ ಹಾಗೆಯೇ ಉಳಿಯುತ್ತದೆ. ಒಂಬತ್ತನೆಯ ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ, ಸೆರಗಿನ ವಿಷಯವನ್ನೂ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ನಾವು ತಿಂದಿದ್ದಕ್ಕೆ ಏನಾಗ್ತದೆ ಮಿಸ್?"

ಮೂವತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಏನೂ ಆಗುವುದಿಲ್ಲ ಎಂದುಬಿಡಬಹುದಿತ್ತು, ಮಕ್ಕಳಿಗೆ ಧೈರ್ಯ ಹೇಳುವುದು ನಮ್ಮ ಕೆಲಸ. "ವಾರಕ್ಕೆ ಎರಡು ಸಲ, ಒಂದು ವರ್ಷ, ಸಾರಿನಲ್ಲಿ ಸ್ವಲ್ಪ ಸೊಪ್ಪು. ಅಷ್ಟರಿಂದ ಕಾಯಿಲೆ ಬರುವ ಸಂಭವ ಬಹಳ ಕಡಿಮೆ ಎಂದು ತಿಳಿದವರು ಹೇಳಿದ್ದಾರೆ. ಆದರೆ ಕೇಳದೆ ನಿಮಗೆ ತಿನ್ನಿಸಿದ್ದು ನನ್ನ ತಪ್ಪು" ಎಂದೆ. ಅವಳು "ಸರಿ ಮಿಸ್" ಎಂದು ಕೂತಳು. ಅವಳು ನನ್ನನ್ನು ಕ್ಷಮಿಸಿದಳೋ, ಟೀಚರ ಮುಂದೆ ಹಾಗೆನ್ನಬೇಕೆಂದು ಅಂದಳೋ, ಇಂದಿಗೂ ತಿಳಿಯದು.

ಗೋಡಿನ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳಬೇಡಿ ಎಂದು ಆ ಮಕ್ಕಳಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಮಳೆಯ ನೀರನ್ನೇ ಕುಡಿಯುವ ಕೆರೆಯ ಹೂಳು ಇಂದಿಗೂ ಹೊಲಕ್ಕೆ ಒಳ್ಳೆಯದೇ. ಆ ಕೆರೆಗೆ ಯಾವ ಕಾಲುವೆ ಬಂದು ಸೇರುತ್ತದೆ ಎಂದು ಮೇಲಕ್ಕೆ ನಡೆದು ನೋಡಿ. ಕಾರ್ಖಾನೆಯ, ಪಟ್ಟಣದ ನೀರು ಸೇರುವುದಾದರೆ ಹೊಡೆಯುವ ಮುಂಚೆ ಲೋಹದ ಪರೀಕ್ಷೆ ಮಾಡಿಸಿ. ಹೊಡೆದ ಮೇಲೆ ಮಾಡಿಸಿದರೆ ನನ್ನ ಹಾಗೆ ಕಾಗದ ಹಿಡಿದುಕೊಂಡು ಕೂರಬೇಕಾಗುತ್ತದೆ.

ಶಾಲೆಯ ತೋಟದಲ್ಲಿ ಈಗ ಚೆಂಡುಹೂ, ಕನಕಾಂಬರ ಇವೆ. ಮಣ್ಣು ಅದೇ. ಅದನ್ನು ತೆಗೆದು ಎಲ್ಲಿ ಹಾಕುವುದು? ಯಾರದ್ದೋ ಹೊಲದ ಪಕ್ಕ ತಾನೆ. ತಮ್ಮ ಒಂದು ವರ್ಷ ಅರ್ಧ ಎಕರೆಗೂ ಚೆಂಡುಹೂ ಹಾಕಿದ, ದಸರಾ ಹೊತ್ತಿಗೆ ರೇಟು ಬಿದ್ದು ಕೈ ಸುಟ್ಟುಕೊಂಡ. ಮರುವರ್ಷ ಒಂದು ಪಾಲಿಗೆ ಹಿಪ್ಪುನೇರಳೆ ಇಟ್ಟ, ಇನ್ನೊಂದು ಪಾಲಿಗೆ ಮತ್ತೆ ಕೊತ್ತಂಬರಿ ಬಿತ್ತಿದ. ಬಿತ್ತಿದ್ದನ್ನು ನನಗೆ ಹೇಳಲಿಲ್ಲ, ನಾನೇ ದಾರಿಯಲ್ಲಿ ಹೋಗುವಾಗ ಕಂಡೆ.

ಈ ಸಲ ಯುಗಾದಿಗೆ ಅವನು ನಮ್ಮ ಮನೆಗೆ ಬಂದ. ಬರುವಾಗ ಯಾವಾಗಲೂ ತರುವಂತೆ ಒಂದು ಕಟ್ಟು ಕೊತ್ತಂಬರಿ, ಎರಡು ಕಟ್ಟು ದಂಟು ತಂದ. ನಾನು ಕೈ ಚಾಚಿ ತೆಗೆದುಕೊಂಡೆ. ಐವತ್ತು ವರ್ಷದಲ್ಲಿ ತವರಿನಿಂದ ಬಂದ ಯಾವ ವಸ್ತುವಿನ ಬಗ್ಗೆಯೂ ನಾನು ಕೇಳದ ಪ್ರಶ್ನೆಯೊಂದು ನಾಲಿಗೆಯ ತುದಿಗೆ ಬಂತು. ಅವನಿಗೆ ಅದು ತಿಳಿಯಿತು.

"ಬಾವಿ ಹತ್ರದ್ದಕ್ಕ" ಎಂದ, ನಾನು ಕೇಳುವ ಮುಂಚೆಯೇ.

ನಾನು ಸೊಪ್ಪು ಸೋಸಲು ಕೂತೆ. ಅವನು ಬಾಗಿಲ ಬಳಿ ನಿಂತು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದ. ಆಮೇಲೆ, "ಮುಂದಿನ ಸಲ ಆ ಇನ್ನೊಂದ್ ಪಾಲಿಗೂ ಹಿಪ್ಪುನೇರ್ಳೆನೇ ಇಡನ ಅಂತಿದ್ದೀನಿ" ಎಂದ. ಇಡುತ್ತಾನೋ ಇಲ್ಲವೋ ನೋಡಬೇಕು. ಕಡ್ಡಿಯ ದುಡ್ಡಿನಲ್ಲಿ ಅರ್ಧ ನಾನು ಕೊಡುತ್ತೇನೆ ಎಂದಿದ್ದೇನೆ.